ಟೈ, ಸ್ವೆಟರು ಮತ್ತು ನಮ್ಮ ಕೊರಳು



ಕೊರಳಿಗೆ ಟೈ ಬಿಗಿದು, ಅದರ ಮೇಲೆ ಸ್ವೆಟರು ತೊಟ್ಟು ಮಣಿಪಾಲದ ಬಸ್ಸು ಹತ್ತುವ ನಮ್ಮ ಕೇರಿಯ ಹುಡುಗನನ್ನು ಕಂಡು ನಗುವವರು ಎರಡು ಬಗೆ. ಒಬ್ಬ ಮೇಲ್ಜಾತಿಯ ಯಜಮಾನ. 'ಎಂತ ಮಾರಾಯ, ದೊರೆ ಆದ ಹಾಗೆ ಉಂಟಲ್ಲ!' ಎಂದು ಅವನು ನಗುತ್ತಾನೆ. ಇನ್ನೊಬ್ಬ ನಮ್ಮದೇ ಪ್ರಗತಿಪರ ಗೆಳೆಯ. 'ಬಿಳಿಯರು ಹೋದರೂ ಅವರ ಮೂಗುದಾರ ಹೋಗ್ಲಿಲ್ಲ ನೋಡಿ' ಎಂದು ಅವನು ನಗುತ್ತಾನೆ. ಮೊದಲನೆಯ ನಗೆ ನಮಗೆ ಹಳೆಯದು. ಎರಡನೆಯದಕ್ಕೆ ಉತ್ತರ ಕೊಡಬೇಕು. ಯಾಕೆಂದರೆ ಅದರೊಳಗೆ ಒಂದು ನಿಜವಾದ ಪ್ರಶ್ನೆ ಇದೆ. ಆಳಿದವರ ಬಟ್ಟೆ ತೊಟ್ಟು ಆಳಿಸಿಕೊಂಡವನು ತಲೆಯೆತ್ತಲು ಸಾಧ್ಯವೆ? ಅಥವಾ ಅದೂ ಇನ್ನೊಂದು ಗುಲಾಮಗಿರಿಯೆ?

ಮೊದಲು ಸೆಕೆಯ ಮಾತು ಮುಗಿಸೋಣ. ಕಾಪುವಿನ ಕಡಲಿನಿಂದ ಕಾರ್ಕಳದ ಬಂಡೆಯವರೆಗೆ ಸ್ವೆಟರು ಬೇಕೆನಿಸುವ ಚಳಿ ಬೀಳುವ ದಿನಗಳು ತೀರಾ ಕಡಿಮೆ. ಹಾಗಾದರೆ ಯಾಕೆ ಸ್ವೆಟರು? 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಶುರುವಾದ ಮೇಲೆ ಮಣಿಪಾಲದ ಮುರಕಲ್ಲು ಗುಡ್ಡ ಊರಾಯಿತು. ಇವತ್ತು ಅಂಥ ಊರುಗಳ ಸಂದರ್ಶನದ ಕೋಣೆಗಳಲ್ಲಿ ಚಳಿಯನ್ನೂ ಯಂತ್ರವೇ ತಯಾರಿಸುತ್ತದೆ. ಹೊರಗೆ ಕಲ್ಲು ಹೊರುವವನ ಬೆನ್ನು ಬೆವರುತ್ತಿರುತ್ತದೆ, ಒಳಗೆ ಅವನ ಮಗ ಸ್ವೆಟರಿನಲ್ಲಿ ಕೂತಿರುತ್ತಾನೆ. ಆದ್ದರಿಂದ ಇದು ಚಳಿಗೆ ತೊಟ್ಟ ಬಟ್ಟೆಯಲ್ಲ, 'ನಾವೂ ಒಳಗೆ ಬರಬಹುದೇ?' ಎಂದು ಕೇಳುವ ಬಟ್ಟೆ.

ಆದರೆ ಈ ಬಟ್ಟೆ ನಿಜಕ್ಕೂ ದೊರೆಗಳದ್ದೇ? ಚರಿತ್ರೆ ಬೇರೆ ಹೇಳುತ್ತದೆ. ಇಂಗ್ಲಿಷಿನಲ್ಲಿ ಜೆರ್ಸಿ, ಗರ್ನ್ಸಿ ಎಂದು ಕರೆಸಿಕೊಳ್ಳುವ ಹೆಣೆದ ಉಣ್ಣೆಯಂಗಿಗಳಿಗೆ ಆ ಹೆಸರು ಬಂದದ್ದು ಇಂಗ್ಲಿಷ್ ಕಾಲುವೆಯ ಎರಡು ದ್ವೀಪಗಳಿಂದ. ಅದನ್ನು ತೊಟ್ಟವರು ಉಪ್ಪುಗಾಳಿಯಲ್ಲಿ ಬಲೆ ಎಳೆಯುವ ಮೀನುಗಾರರು. ನಮ್ಮ ಕಾಪುವಿನಲ್ಲಿ, 1901ರ ದೀಪಸ್ತಂಭದ ಕೆಳಗೆ ಕೈರಂಪಣಿ ಎಳೆಯುವವರಿದ್ದಾರಲ್ಲ, ಅಂಥವರ ಬಟ್ಟೆ ಅದು. ಟೈಯ ಮೂಲವೂ ಅರಮನೆಯಲ್ಲ. 17ನೇ ಶತಮಾನದಲ್ಲಿ ಫ್ರಾನ್ಸಿಗೆ ಕೂಲಿಗೆ ಕಾದಾಡಲು ಬಂದ ಕ್ರೊಯೇಷಿಯಾದ ಸಿಪಾಯಿಗಳು ಕೊರಳಿಗೆ ಸುತ್ತಿಕೊಳ್ಳುತ್ತಿದ್ದ ಬಟ್ಟೆಯ ತುಂಡು ಅದು. ಫ್ರೆಂಚ್ ಶ್ರೀಮಂತರು ನೋಡಿದರು, ಚೆನ್ನಾಗಿದೆ ಎಂದರು, ತಾವೂ ಕಟ್ಟಿಕೊಂಡರು. 1922ರಲ್ಲಿ ಇಂಗ್ಲೆಂಡಿನ ಯುವರಾಜ, ಮುಂದೆ 8ನೇ ಎಡ್ವರ್ಡ್ ಆದವನು, ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಗಾಲ್ಫ್ ಮೈದಾನಕ್ಕೆ ಫೇರ್ ಐಲ್ ದ್ವೀಪದ ಬಣ್ಣಬಣ್ಣದ ಸ್ವೆಟರು ತೊಟ್ಟು ಬಂದ. ಬಡ ದ್ವೀಪದ ಹೆಂಗಸರು ಹೊಟ್ಟೆಪಾಡಿಗೆ ಹೆಣೆದದ್ದು ಶ್ರೀಮಂತರ ಫ್ಯಾಷನ್ ಆಯಿತು.

ಇಲ್ಲಿ ನಿಲ್ಲಬೇಕು. ಯುವರಾಜ ಮೀನುಗಾರರ ಅಂಗಿ ತೊಟ್ಟರೆ ಅದು 'ಶೈಲಿ'. ಮೀನುಗಾರನ ಮಗ, ಪೌರಕಾರ್ಮಿಕನ ಮಗ, ಯುವರಾಜನ ಹಾಗೆ ಟೈ ಕಟ್ಟಿದರೆ ಅದು 'ಸೋಗು'. ಬಟ್ಟೆ ಅದೇ, ಬೇಲಿ ಅದೇ. ಮೇಲಿನಿಂದ ಕೆಳಕ್ಕೆ ದಾಟಿದವನಿಗೆ ಚಪ್ಪಾಳೆ. ಕೆಳಗಿನಿಂದ ಮೇಲಕ್ಕೆ ದಾಟಿದವನಿಗೆ ನಗೆ, ಕೆಲವೊಮ್ಮೆ ಏಟು. ಇದು ರುಚಿಯ ಪ್ರಶ್ನೆ ಹೇಗಾದೀತು? ಇದು ಅಧಿಕಾರದ ಪ್ರಶ್ನೆ.

ಈ ನೆಲದಲ್ಲಿ ಬಟ್ಟೆ ಯಾವತ್ತೂ ಬರಿಯ ಬಟ್ಟೆಯಾಗಿರಲಿಲ್ಲ. ಮನುಸ್ಮೃತಿಯ 10ನೇ ಅಧ್ಯಾಯ ಚಂಡಾಲನಿಗೆ ಹೆಣದ ಮೇಲಿನ ಬಟ್ಟೆಯನ್ನು ಗೊತ್ತುಮಾಡಿತು. ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು ಎದೆ ಮುಚ್ಚುವ ಹಕ್ಕಿಗಾಗಿ ದಶಕಗಳ ಕಾಲ ಹೊಡೆತ ತಿಂದರು. 1859ರಲ್ಲಿ ಅರಸನ ಘೋಷಣೆ ಹೊರಟಿತು. ಮುಚ್ಚಿಕೊಳ್ಳಿ, ಆದರೆ ಮೇಲ್ಜಾತಿಯ ಹೆಂಗಸರ ಹಾಗೆ ಮಾತ್ರ ಮುಚ್ಚಿಕೊಳ್ಳಬೇಡಿ ಎಂಬುದು ಅದರ ತಿರುಳು. ಮಾನ ಮುಚ್ಚಲು ಅಡ್ಡಿಯಿಲ್ಲ, ಸಮನಾಗಿ ಕಾಣಲು ಅಡ್ಡಿ! ನಮ್ಮ ಜಿಲ್ಲೆಯದೇ ಮಾತು ಕೇಳಿ. 1909ರಲ್ಲಿ ಎಡ್ಗರ್ ಥರ್ಸ್ಟನ್ ಪ್ರಕಟಿಸಿದ ಸಂಪುಟಗಳಲ್ಲಿ ಕೊರಗರ ಒಳಪಂಗಡಗಳ ಹೆಸರುಗಳಿವೆ. ಸೊಪ್ಪು ಕೊರಗರು ಎಲೆ ಉಟ್ಟವರು. ಅಂಡೆ ಕೊರಗರು ದಾರಿಯಲ್ಲಿ ಉಗುಳಬಾರದೆಂದು ಕೊರಳಿಗೆ ಅಂಡೆ ಕಟ್ಟಿಕೊಳ್ಳಬೇಕಾಗಿದ್ದವರು. ಕೊರಗರನ್ನು ಹೀಗೆ ಕೀಳು ಮಾಡುವ ಅಜಲು ಪದ್ಧತಿಯನ್ನು ನಿಷೇಧಿಸಲು ಕರ್ನಾಟಕದಲ್ಲಿ 2000ನೇ ಇಸವಿಯ ಕಾಯ್ದೆ ಬರಬೇಕಾಯಿತು. ಟೈಯನ್ನು ಮೂಗುದಾರ ಎನ್ನುವ ಗೆಳೆಯ ಈ ಅಂಡೆಯನ್ನೂ ಒಮ್ಮೆ ನೆನೆಯಲಿ. ನಮ್ಮವರ ಕೊರಳಿಗೆ ಏನು ಕಟ್ಟಬೇಕೆಂದು ಬೇರೆಯವರು ತೀರ್ಮಾನಿಸಿದ ಕಾಲ ಅದು. ಈಗ ನಾವೇ ತೀರ್ಮಾನಿಸಿದರೆ ನಗು ಬರುತ್ತದಂತೆ.

ಅದೆಲ್ಲ ಹಳೇ ಕತೆ ಬಿಡಿ ಅನ್ನುವವರಿದ್ದಾರೆ. 2023ರಲ್ಲಿ ಗುಜರಾತಿನ ಬನಾಸ್‌ಕಾಂಠಾ ಜಿಲ್ಲೆಯಲ್ಲಿ, ಒಳ್ಳೆಯ ಬಟ್ಟೆ ತೊಟ್ಟು ಕಪ್ಪು ಕನ್ನಡಕ ಹಾಕಿದ್ದಕ್ಕೆ ದಲಿತ ಯುವಕನೊಬ್ಬನನ್ನು ಹೊಡೆದರೆಂದು ಪೊಲೀಸರಲ್ಲಿ ದೂರು ದಾಖಲಾಯಿತು. ಕತೆ ಅಷ್ಟೇನೂ ಹಳೆಯದಲ್ಲ.

ಗೆಳೆಯ ಬಿಡುವುದಿಲ್ಲ, ಗಾಂಧೀಜಿಯ ಹೆಸರು ತೆಗೆಯುತ್ತಾನೆ. ಸರಿ, ಬ್ಯಾರಿಸ್ಟರ್ ಗಾಂಧಿ 1921ರ ಸೆಪ್ಟೆಂಬರಿನಲ್ಲಿ ಮಧುರೆಯಲ್ಲಿ ಉಳಿದ ಬಟ್ಟೆ ಬಿಟ್ಟು ತುಂಡು ಪಂಚೆಗೆ ಇಳಿದರು. ಅದು ದೊಡ್ಡದೇ. ಆದರೆ ಬಿಡಲು ಅವರ ಹತ್ತಿರ ಇತ್ತು. ಕಾರ್ಕಳದ ಬಂಡೆಯ ಮೇಲೆ 1432ರಿಂದ 42 ಅಡಿ ಎತ್ತರಕ್ಕೆ ಬತ್ತಲೆ ನಿಂತ ಗೊಮ್ಮಟನನ್ನು ನೋಡಿ. ಅವನಿಗೆ ಕೈಮುಗಿಯುತ್ತಾರೆ, ಯಾಕೆಂದರೆ ಅವನು ಅರಸನಾಗಿದ್ದ, ಗೆದ್ದಿದ್ದ, ಗೆದ್ದದ್ದನ್ನೆಲ್ಲ ಬಿಟ್ಟ. ಅದೇ ಕಾರ್ಕಳದ ಸುತ್ತಿನ ಕಾಡಂಚಿನಲ್ಲಿ ಎಲೆ ಉಟ್ಟು ನಡೆದವನಿಗೆ ಯಾರು ಕೈಮುಗಿದರು? ಎರಡೂ ಬತ್ತಲೆಯೇ. ಒಂದು ಆರಿಸಿಕೊಂಡದ್ದು, ಇನ್ನೊಂದು ಹೇರಿದ್ದು. ಉಡುವ ಹಕ್ಕೇ ಇಲ್ಲದವನಿಗೆ ಬಿಡುವ ತ್ಯಾಗ ಎಲ್ಲಿಂದ ಬರಬೇಕು ಸ್ವಾಮಿ?

ಬಾಬಾಸಾಹೇಬರಿಗೆ ಇದು ತಿಳಿದಿತ್ತು. ಶಾಲೆಯಲ್ಲಿ ಮನೆಯಿಂದ ತಂದ ಗೋಣಿಯ ಮೇಲೆ ಬೇರೆಯಾಗಿ ಕೂರಬೇಕಾಗಿದ್ದ ಹುಡುಗ ಅವರು. 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಮನುಸ್ಮೃತಿ ಸುಟ್ಟರು. ಆ ಸಮಾವೇಶದಲ್ಲೇ ನಮ್ಮ ಹೆಂಗಸರನ್ನು ಉದ್ದೇಶಿಸಿ, ಜಾತಿಯ ಗುರುತು ಹೇಳುವ ಉಡುಗೆ, ಒಡವೆ ಬಿಡಿ, ಶುಭ್ರವಾಗಿ ಮೈತುಂಬ ಸೀರೆ ಉಡಿ ಎಂದರು. ಗ್ರಂಥ ಸುಡುವುದೂ ಸೀರೆಯ ನೆರಿಗೆ ಸರಿಮಾಡುವುದೂ ಒಂದೇ ಚಳವಳಿಯ ಕೆಲಸ ಎಂದು ಅವರು ತಿಳಿದಿದ್ದರು. ಕೇರಿಕೇರಿಗಳಲ್ಲಿ ಅವರ ಪ್ರತಿಮೆ ನೀಲಿ ಸೂಟಿನಲ್ಲಿ, ಟೈಯಲ್ಲಿ ನಿಂತಿರುವುದು ಸುಮ್ಮನೆ ಅಲ್ಲ.

ಹಾಗಾದರೆ ಟೈ ಕಟ್ಟಿದರೆ ಬಿಡುಗಡೆಯೆ? ಇಲ್ಲ. ಉಡುಪಿಯ ರಥಬೀದಿಗೂ ಮಣಿಪಾಲದ ಗುಡ್ಡಕ್ಕೂ ಬಸ್ಸಿನಲ್ಲಿ ತುಸು ಹೊತ್ತಿನ ದಾರಿ. ಕೆಳಗೆ ದೇವರ ಮುಂದೆ ಗಂಡಸರು ಅಂಗಿ ಬಿಚ್ಚಬೇಕೆಂಬ ಪದ್ಧತಿ. ಬಿಚ್ಚಿದಾಗ ಯಾರ ಹೆಗಲಲ್ಲಿ ಜನಿವಾರ ಇದೆ, ಯಾರದ್ದರಲ್ಲಿ ಇಲ್ಲ ಎಂದು ಹೇಳದೆಯೇ ಗೊತ್ತಾಗುತ್ತದೆ. ಮೇಲೆ ಸಂದರ್ಶನದವರ ಮುಂದೆ ಅಂಗಿಯ ಗುಂಡಿ ಕೊರಳವರೆಗೆ ಹಾಕಿ ಟೈ ಬಿಗಿಯಬೇಕು. ಅಲ್ಲಿ ಗಂಟು ಕಟ್ಟಿದ ರೀತಿಯಲ್ಲೇ ಯಾರ ಅಪ್ಪ ಟೈ ಕಟ್ಟಿದ್ದ, ಯಾರ ಅಪ್ಪ ಕಟ್ಟಿರಲಿಲ್ಲ ಎಂದು ಗೊತ್ತಾಗುತ್ತದೆ. ನಾಳೆ ಈ ಟೈ ಹೊಸ ಜನಿವಾರವಾದರೆ ನಾವು ದಾಟಿದ್ದು ಎಂಥ ಬೇಲಿ?

ಅದಕ್ಕೇ ಹಳ್ಳಿಯ ಮೇಷ್ಟ್ರುಗಳಲ್ಲಿ ಒಂದು ಮಾತು. ಈ ಗುಟ್ಟನ್ನು ಹುಡುಗರಿಗೆ ಹೇಳಿಕೊಡಿ, ಅದರಲ್ಲಿ ಮಂತ್ರವೇನೂ ಇಲ್ಲ. ಸ್ವೆಟರು ತೆಳುವಾಗಿರಲಿ, ಕೊರಳು ಇಂಗ್ಲಿಷಿನ ವಿ ಅಕ್ಷರದ ಹಾಗಿರಲಿ, ಆಗ ಟೈಯ ಗಂಟು ಕಾಣುತ್ತದೆ. ಗುಂಡು ಕೊರಳಿನದಾದರೆ ಟೈ ಅಡಗಿಹೋಗುತ್ತದೆ. ಟೈಯ ತುದಿ ಸ್ವೆಟರಿನ ಕೆಳಗೆ ಇಣುಕಬಾರದು. ದಪ್ಪ ಉಣ್ಣೆಗೆ ಮಿರಮಿರ ಮಿಂಚುವ ರೇಷ್ಮೆ ಟೈ ಹೊಂದುವುದಿಲ್ಲ, ಉಣ್ಣೆಯದೋ ಹೆಣೆದದ್ದೋ ಹೊಂದುತ್ತದೆ. ಕೋಟಿನ ಒಳಗೆ ತೋಳಿಲ್ಲದ ಸ್ವೆಟರು ವೇಸ್ಟ್‌ಕೋಟಿನ ಕೆಲಸ ಮಾಡುತ್ತದೆ. ಮುಗೀತು, ಎರಡು ನಿಮಿಷದ ಪಾಠ. ಇಷ್ಟನ್ನೇ ಮನೆತನದ ಸಂಸ್ಕಾರ ಎಂಬಂತೆ ಬಚ್ಚಿಟ್ಟುಕೊಂಡು, ಗೊತ್ತಿಲ್ಲದವನ ಮೇಲೆ ಹುಬ್ಬು ಹಾರಿಸುತ್ತಾರೆ. ಹಂಚಿದರೆ ಅದರ ದೌಲತ್ತು ಸಾಯುತ್ತದೆ. ಆದರೆ ಟೈ ಇಲ್ಲದ ಮಗುವನ್ನು ತರಗತಿಯ ಹೊರಗೆ ಮಾತ್ರ ನಿಲ್ಲಿಸಬೇಡಿ. ಕೊಳ್ಳಲಾಗದವನ ಮೇಲೆ ಹೇರಿದ ಟೈ ಮತ್ತೆ ಅಂಡೆಯೇ ಆಗುತ್ತದೆ.

ತೊಡುವ ನಮಗೂ ಒಂದು ಪರೀಕ್ಷೆ ಇದೆ. ಟೈ ಕಟ್ಟಿದ ಮೇಲೆ ಬರಿಮೈಯ ಅಪ್ಪನನ್ನು 'ಇವರು ನಮ್ಮಪ್ಪ' ಎಂದು ನಾಲ್ಕು ಜನರೆದುರು ಹೇಳಲು ನಾಲಿಗೆ ತೊಡರುತ್ತದೆಯೆ? ಕೇರಿಯ ಜಗಲಿಯಲ್ಲಿ ಕೂರುವಾಗ ಇಸ್ತ್ರಿಯ ಚಿಂತೆ ಬರುತ್ತದೆಯೆ? ಬಂದರೆ ಬಟ್ಟೆ ನಮ್ಮನ್ನು ತೊಟ್ಟಿದೆ ಎಂದು ಅರ್ಥ. ಬಾರದಿದ್ದರೆ ನಗುವವರು ನಗಲಿ.

ನಾವು ಟೈ ಕಟ್ಟುತ್ತೇವೆ. ಸೆಕೆಯಾದರೆ ಬಿಚ್ಚುತ್ತೇವೆ. ಎರಡಕ್ಕೂ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಕಟ್ಟದವನ ಪಕ್ಕದಲ್ಲಿ, ಅದೇ ಬೆಂಚಿನಲ್ಲಿ ಕೂರುತ್ತೇವೆ. ಆ ಬೆಂಚು ಇನ್ನೂ ಎಲ್ಲ ಕಡೆ ಸಿಕ್ಕಿಲ್ಲ. ಜಗಳ ಇರುವುದು ಅದಕ್ಕಾಗಿ.