ಚೌಕಟ್ಟಿನ ಬೆನ್ನು

ಹಳೆಯ ಮನೆ ಪಾಲಾಗುವಾಗ ಪಾತ್ರೆಗೆ ವಾರಸುದಾರರಿರುತ್ತಾರೆ, ಪೆಟ್ಟಿಗೆಗೂ ಇರುತ್ತಾರೆ. ಪಾದರಸ ಹೋದ ಕನ್ನಡಿಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಗೋಡೆಯಿಂದಿಳಿದು ಜಗುಲಿಯ ಮೂಲೆಗೊರಗಿದ ಬೀಟೆಮರದ ನಿಲುವುಗನ್ನಡಿ ಕೊನೆಗೆ ಹಳೆ ಸಾಮಾನಿನ ವ್ಯಾಪಾರಿಯ ಕೈಸೇರುತ್ತದೆ. ಕೆಲಕಾಲದ ಮೇಲೆ ಅದೇ ಚೌಕಟ್ಟು ಹೊಸ ಪಾಲಿಶ್ ಹೊದ್ದು, ಬೆಂಗಳೂರಿನ ಯಾವುದೋ ಅಪಾರ್ಟ್‌ಮೆಂಟಿನಲ್ಲಿ ಬಂದವರೆಲ್ಲ ಮೆಚ್ಚುವ ಅಲಂಕಾರವಾಗಿ ನಿಲ್ಲುತ್ತದೆ. ಒಂದು ಮನೆಗೆ ಬೇಡವಾದದ್ದು ಇನ್ನೊಂದು ಮನೆಗೆ ಬೇಕಾಗುವ ಈ ನಡುವಿನಲ್ಲಿ ಆದದ್ದೇನು? ಬೆಲೆ ಬಂತು, ಬಾಳು ಹೋಯಿತು ಎನ್ನೋಣವೇ?

ಹಾಗೆನ್ನುವ ಮುನ್ನ ಕನ್ನಡಿಯ ಬಾಳು ಎಂಥದೆಂದು ಯೋಚಿಸಬೇಕು. ಕನ್ನಡಿ ಯಾರನ್ನೂ ಉಳಿಸಿಕೊಳ್ಳುವುದಿಲ್ಲ. ಅದರೆದುರು ಬೈತಲೆ ತೆಗೆದವರು, ಬಾಸಿಂಗ ಸರಿಮಾಡಿಕೊಂಡವರು, ಮೊದಲ ನರೆಗೂದಲು ಕಂಡು ಸುಮ್ಮನಾದವರು ಎಲ್ಲರೂ ಬಂದರು, ಎಲ್ಲರೂ ಹೋದರು. ಗಾಜಿನಲ್ಲಿ ಒಬ್ಬರ ನೆರಳೂ ಇಲ್ಲ. ಏನಾದರೂ ಉಳಿದಿದ್ದರೆ ಅದು ಮರದ ಮೇಲೆ: ಅಂಟಿಸಿ ಮರೆತ ಹಣೆಬೊಟ್ಟಿನ ಗುರುತು, ಕುಂಕುಮದ ಕಲೆ, ಕೈ ತಾಗಿ ತಾಗಿ ನುಣುಪಾದ ಅಂಚು. ಪಾಲಿಶ್‌ಗೆ ಮುನ್ನ ಮರಳುಕಾಗದ ಮೊದಲು ಅಳಿಸುವುದೂ ಇವನ್ನೇ.

ಗಾಜಿಗೆ ಕನ್ನಡಿಯ ಗುಣ ಕೊಡುವುದು ಅದರ ಬೆನ್ನಿಗಿರುವ ಲೋಹದ ತೆಳುಪೊರೆ. ಹಿಂದೆ ತವರ, ಪಾದರಸಗಳಿಂದ ಅದನ್ನು ಮಾಡುತ್ತಿದ್ದರು; 1835ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ ಗಾಜಿನ ಮೇಲೆ ಬೆಳ್ಳಿ ಕೂರಿಸುವ ವಿಧಾನ ಕಂಡುಕೊಂಡ. ಲೋಹ ಬದಲಾಯಿತು, ವಿಧಿ ಬದಲಾಗಲಿಲ್ಲ. ಮಲೆನಾಡಿನ ಮಳೆಗಾಲದ ತೇವ ಅಂಚಿನಿಂದ ನುಸುಳುತ್ತದೆ, ಬೆಳ್ಳಿ ಅಲ್ಲಿಂದಲೇ ಕಪ್ಪಾಗುತ್ತ ಬರುತ್ತದೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರು ಚೆನ್ನಕೇಶವನ ಗುಡಿಯಲ್ಲಿ ದರ್ಪಣಸುಂದರಿ ಹಿಡಿದ ಕನ್ನಡಿಗೆ ಈ ಭಯವಿಲ್ಲ, ಅದು ಕಲ್ಲಿನದು. ಆದರೆ ಅದರಲ್ಲಿ ಮುಖವೂ ಕಾಣದು. ಬಾಳುವ ಕನ್ನಡಿ ತೋರಿಸದು, ತೋರಿಸುವ ಕನ್ನಡಿ ಬಾಳದು.

ಇದನ್ನು ನಮಗಿಂತ ಚೆನ್ನಾಗಿ ಬಲ್ಲವನು ಬಡಗಿ. ಅವನ ತಿಳಿವಳಿಕೆಯನ್ನು ನೋಡಬೇಕಾದರೆ ಎದುರಿನ ಹೂಬಳ್ಳಿಯ ಕೆತ್ತನೆ ಸಾಲದು, ಚೌಕಟ್ಟನ್ನು ತಿರುಗಿಸಬೇಕು. ಗಾಜನ್ನು ಅಲ್ಲಿ ಅಂಟಿಸಿರುವುದಿಲ್ಲ. ತೋಡಿನಲ್ಲಿ ಕೂರಿಸಿ, ಹಿಂದೊಂದು ತೆಳುಹಲಗೆ ಇಟ್ಟು, ಸಣ್ಣ ಮೊಳೆ ಹೊಡೆದಿರುತ್ತಾನೆ. ಮರ ಮಳೆಗಾಲದಲ್ಲಿ ಅಡ್ಡಕ್ಕೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಅದಕ್ಕೆಂದು ಕೂದಲೆಳೆಯಷ್ಟು ಜಾಗ ಬಿಟ್ಟಿರುತ್ತಾನೆ. ಗಾಜು ಒಂದು ದಿನ ಕೆಡುತ್ತದೆ, ಅದನ್ನು ತೆಗೆಯಲು ಇನ್ನೊಬ್ಬ ಬರುತ್ತಾನೆ ಎಂದು ತಿಳಿದೇ ಮಾಡಿದ ಕೆಲಸ ಅದು. ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮಕ್ಕೆ ವಿಜಯನಾಥ ಶೆಣೈ ಹಳೆಯ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ನಿಲ್ಲಿಸಲು ಸಾಧ್ಯವಾದದ್ದೂ, ಅವನ್ನು ಕಟ್ಟಿದವರು ಬಿಚ್ಚಲು ಬರುವಂತೆ ಕಟ್ಟಿದ್ದರಿಂದ.

ಇಂದು ಯಂತ್ರವೂ ಹೂಬಳ್ಳಿ ಕೊರೆಯುತ್ತದೆ, ಅಂದವಾಗಿಯೇ ಕೊರೆಯುತ್ತದೆ. ಆದರೆ ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಎಂಡಿಎಫ್ ಹಲಗೆ ನೀರುಂಡು ಒಮ್ಮೆ ಉಬ್ಬಿದರೆ ಮತ್ತೆ ಮೊದಲಿನಂತಾಗದು. ಅಂಟಿಸಿದ ಗಾಜು ಒಡೆಯದೆ ಬಿಡಿಸಿಕೊಳ್ಳದು. ಹೊಸದಾಗಿರುವಷ್ಟು ದಿನ ಚೆಂದ, ಆಮೇಲೆ ಕಸ. ಇತ್ತ ಬೀಟೆಮರವೂ ವಿರಳವಾಗುತ್ತಿದೆ. 2017ರಿಂದ ಆ ಕುಲದ ಎಲ್ಲ ಮರಗಳ ಅಂತರರಾಷ್ಟ್ರೀಯ ವ್ಯಾಪಾರ ಸೈಟಿಸ್ ಒಪ್ಪಂದದ ನಿಯಂತ್ರಣದಲ್ಲಿದೆ. ಅಜ್ಜನ ಕಾಲದ ಅಗಲದ ಪಟ್ಟಿ ಇನ್ನು ಸುಲಭಕ್ಕೆ ಸಿಗುವುದಿಲ್ಲ.

ಹಾಗಾದರೆ ಉಳಿಸಿಕೊಳ್ಳಬೇಕಾದ್ದು ಯಾವುದು? ಮುಖಗಳು ಉಳಿಯುವಂಥವಲ್ಲ, ಬೆಳ್ಳಿಯೂ ಉಳಿಯುವುದಿಲ್ಲ; ಅಳಿವಿಗೆ ಜಾಗ ಬಿಟ್ಟು ಕಟ್ಟುವ ಆ ವಿವೇಕ ಉಳಿದರೆ ಸಾಕು. ಹೊಸ ಮನೆಯವರು ಆ ಹಳೆಯ ಚೌಕಟ್ಟಿನೆದುರು ದಿನವೂ ತಲೆ ಬಾಚಿಕೊಂಡರೆ ಅದಕ್ಕೆ ಬಾಳು ಮರಳಿತೆಂದೇ ಲೆಕ್ಕ. ಬರೀ ನೋಟಕ್ಕೆ ನಿಲ್ಲಿಸಿದರೆ ಬೆಲೆಯಷ್ಟೇ ಉಳಿದೀತು. ಆದ್ದರಿಂದ ಕನ್ನಡಿ ಕೊಳ್ಳುವಾಗ ಮುಖ ನೋಡಿಕೊಳ್ಳುವ ಮೊದಲು ಅದರ ಬೆನ್ನು ನೋಡಿ, ಬಿಚ್ಚಲು ಬರುವಂತಿದ್ದರೆ ಕೊಳ್ಳಿ. ಮನೆಯಲ್ಲೇ ಹಳೆಯದೊಂದಿದ್ದರೆ ಮಾರಬೇಡಿ, ಹೊಸ ಗಾಜು ಹಾಕಿಸಿ.