ಕಾಯಕವನ್ನೀಯುವ ದಾಸೋಹ



ಹಸಿದು ಬಂದವನಿಗೆ ಅನ್ನವನ್ನಿಕ್ಕುವುದು ನಮ್ಮ ಮನೆಗಳ ಧರ್ಮ. ಆದರೆ ಕೈಗಳಿದ್ದೂ ಕಾಯಕವಿಲ್ಲದೆ ನಿಂತವನಿಗೆ ನಾವು ಏನನ್ನೀಯುತ್ತೇವೆ? ಗೃಹಸ್ಥರಾದ ಭಕ್ತರು ಇದನ್ನು ವಿಚಾರಿಸಬೇಕು.

ನಮ್ಮ ನರೋಣಾ, ಆಳಂದ, ಅಫಜಲಪುರ, ಜೇವರ್ಗಿ ಸೀಮೆಯು ತೊಗರಿಯ ನಾಡು. ಈ ನಾಡಿನ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಬೆಳೆಗೆ ಹೆಸರು ಬಂದಿತು. ಬೆಳೆದ ಕೈಗೆ ವರ್ಷವಿಡೀ ಕೆಲಸ ಬರಲಿಲ್ಲ. ರಾಶಿ ಮುಗಿದೊಡನೆ ಎಷ್ಟೋ ಮನೆಗಳ ಮಕ್ಕಳು ಗಂಟು ಕಟ್ಟಿಕೊಂಡು ಮುಂಬಯಿ, ಪುಣೆ, ಹೈದರಾಬಾದುಗಳ ದಾರಿ ಹಿಡಿಯುತ್ತಾರೆ. ಮುಪ್ಪಿನ ತಂದೆತಾಯಿಗಳು ಬಾಗಿಲು ಕಾಯುತ್ತಾರೆ.

ಇದಕ್ಕೆ ದೊಡ್ಡ ಕಾರಖಾನೆಯೊಂದೇ ಪರಿಹಾರವೆಂದು ಕಾದು ಕುಳಿತಿರಬೇಕಾಗಿಲ್ಲ. ತಾಯಿಯೊಬ್ಬಳು ಎರಡು ಒಲೆ ಹೂಡಿ ಖಡಕ್ ರೊಟ್ಟಿ ಮಾರತೊಡಗಿದರೆ, ರೊಟ್ಟಿ ಬಡಿಯಲು ನೆರೆಮನೆಯ ಇಬ್ಬರು ಬೇಕು. ಗಿರಣಿಯವನಿಗೆ ಬೀಸುವ ಕೆಲಸ. ಜೋಳ ಬೆಳೆದ ರೈತನಿಗೆ ಗಿರಾಕಿ. ಪೇಟೆಗೆ ಒಯ್ಯುವ ಹುಡುಗನಿಗೆ ದುಡಿಮೆ. ಇತ್ತೀಚಿನ ವರ್ಷಗಳಲ್ಲಿ ಸ್ತ್ರೀಯರ ಸ್ವಸಹಾಯ ಸಂಘಗಳ ಈ ರೊಟ್ಟಿಯು ಜಿಲ್ಲಾಡಳಿತದ ನೆರವಿನಿಂದ ‘ಕಲಬುರಗಿ ರೊಟ್ಟಿ’ಯೆಂಬ ಹೆಸರು ಪಡೆದು ದೂರದ ಊರುಗಳಿಗೂ ಹೋಗುತ್ತಿದೆ. ಎರಡು ಒಲೆಯ ಬೆಂಕಿಯಿಂದ ಎಷ್ಟು ಮನೆಗಳ ದೀಪ ಹತ್ತಿತು ನೋಡಿರಿ!

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ನುಲಿಯ ಚಂದಯ್ಯನವರು ಹಗ್ಗ ಹೊಸೆದರು, ಅಂಬಿಗರ ಚೌಡಯ್ಯನವರು ದೋಣಿ ನಡೆಸಿದರು. ಕಸುಬು ಚಿಕ್ಕದೆಂದು ಅಲ್ಲಿ ಯಾರನ್ನೂ ಕೀಳಾಗಿ ಕಾಣಲಿಲ್ಲ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಸತಿ ಲಕ್ಕಮ್ಮನವರು ಅದನ್ನು ಹಿಂದಿರುಗಿಸಿ ಬರುವಂತೆ ಹೇಳಿದರು. ಅಂಗಡಿಯ ಗಲ್ಲೆಯ ಮುಂದೆ ಕುಳಿತವರು ಈ ಪ್ರಸಂಗವನ್ನು ಮರೆಯಲಾಗದು. ದುಡಿದವನಿಗೆ ಸಲ್ಲಬೇಕಾದ ಕೂಲಿಯು ನಮ್ಮ ಗಲ್ಲೆಯಲ್ಲಿ ಉಳಿದರೆ, ಅದು ಹಿಂದಿರುಗಿಸಬೇಕಾದ ಅಕ್ಕಿಯೇ ಸರಿ.

ವರ್ತಕರೊಬ್ಬರು ದಾಸೋಹಕ್ಕೆ ಅಕ್ಕಿಯ ಚೀಲವನ್ನು ಹೊರಿಸಿಕೊಂಡು ಬಂದುದನ್ನು ನಾನು ಒಮ್ಮೆ ಕಂಡೆನು. ಚೀಲ ಹೊತ್ತ ಆಳಿಗೆ ಎರಡು ತಿಂಗಳ ಕೂಲಿ ಸಂದಿರಲಿಲ್ಲವೆಂಬುದು ಆಮೇಲೆ ತಿಳಿಯಿತು. ಅಂದಿನ ಪ್ರಸಾದದ ತುತ್ತು ನನ್ನ ಗಂಟಲಲ್ಲಿ ಇಳಿಯಲಿಲ್ಲ.

ಅನ್ನವಿಕ್ಕಿದರೆ ಒಂದು ಹೊತ್ತಿನ ಹಸಿವು ಹಿಂಗುವುದು. ಕಾಯಕವನ್ನಿತ್ತು ಹೊತ್ತಿಗೆ ಸರಿಯಾಗಿ ಕೂಲಿ ಕೊಟ್ಟರೆ, ಉಂಡವನೇ ನಾಳೆ ಮತ್ತೊಬ್ಬರಿಗೆ ಉಣಬಡಿಸುವನು. ಆದುದರಿಂದ ಅನುಕೂಲವುಳ್ಳ ಭಕ್ತರು ಮುಂದಿನ ರಾಶಿಯೊಳಗಾಗಿ ತಮ್ಮ ಓಣಿಯ ಒಬ್ಬ ತರುಣನಿಗಾದರೂ, ಒಬ್ಬ ತಾಯಿಗಾದರೂ ಊರಿನಲ್ಲೇ ಕಾಯಕ ದೊರೆಯುವಂತೆ ಮಾಡಲಿ. ಅದೂ ದಾಸೋಹವೇ ಅಹುದು.