ಶಿಶುವಿನ ವಿಶ್ವಾಸ

ತಾಯಿಯು ಆಕಾಶವನ್ನು ತೋರಿ ‘ಚಂದಮಾಮ’ ಎಂದರೆ ಶಿಶುವು ಸಾಕ್ಷಿಯನ್ನು ಕೇಳದು. ಹೆಸರು, ಬಾಂಧವ್ಯ, ಆಚಾರಗಳೆಲ್ಲವೂ ಅದಕ್ಕೆ ಹಿರಿಯರ ನುಡಿಯಿಂದಲೇ ಲಭಿಸತಕ್ಕವು. ಆದರೆ ಈ ವಿಶ್ವಾಸವನ್ನು ಕುರುಡೆಂದು ಬಗೆಯಲಾಗದು.

ಮೆಲಿಸ್ಸಾ ಕೋನಿಗ್ ಮೊದಲಾದ ಮನಶ್ಶಾಸ್ತ್ರಜ್ಞರು 2004ರಲ್ಲಿ ಮೂರು-ನಾಲ್ಕು ವರ್ಷದ ಮಕ್ಕಳ ಪರೀಕ್ಷೆಯೊಂದನ್ನು ಪ್ರಕಟಿಸಿದರು. ಮಕ್ಕಳು ಬಲ್ಲ ವಸ್ತುಗಳನ್ನು ಒಬ್ಬರು ಸರಿಯಾಗಿಯೂ ಮತ್ತೊಬ್ಬರು ತಪ್ಪಾಗಿಯೂ ಹೆಸರಿಸಿದರು. ಈ ಭೇದವನ್ನು ಗುರುತಿಸಿದ ಮಕ್ಕಳು, ಬಳಿಕ ಅರಿಯದ ವಸ್ತುವಿನ ಹೆಸರಿಗೆ ಸರಿನುಡಿದವರನ್ನೇ ಹೆಚ್ಚಾಗಿ ನಂಬಿದರು. ನ್ಯಾಯಶಾಸ್ತ್ರವು ಆಪ್ತವಾಕ್ಯವನ್ನು ಪ್ರಮಾಣವೆನ್ನುತ್ತದೆ. ಆಪ್ತನಾರೆಂಬ ವಿಚಾರವು ಎಳೆವಯಸ್ಸಿನಲ್ಲಿಯೇ ಮೊದಲಾಗುವುದು.

ಒಮ್ಮೆ ಜ್ವರಪೀಡಿತನಾದ ಮೊಮ್ಮಗನಿಗೆ ‘ಸಿಹಿಯಾಗಿದೆ, ಕುಡಿಯಪ್ಪ’ ಎಂದು ಕಹಿಯಾದ ಕಷಾಯವನ್ನು ಕುಡಿಸಿದೆನು. ಮರುದಿನ ಜೇನುತುಪ್ಪವನ್ನೇ ನೀಡಿದರೂ ಅವನು ಬಾಯಿ ತೆರೆಯದೆ ಅಜ್ಜಿಯ ಮುಖವನ್ನು ನೋಡಿದನು. ಆಕೆ ‘ಹೌದಪ್ಪ’ ಎಂದ ಮೇಲೆಯೇ ಸವಿದನು. ಮೂವತ್ತು ವರ್ಷ ಪಾಠ ಹೇಳಿದ ನನಗೆ ಅಂದು ನಾಚಿಕೆಯಾಯಿತು.

ಗೃಹಸ್ಥರೇ, ಹಠಕ್ಕೆ ಗುಮ್ಮನನ್ನೂ ಔಷಧಕ್ಕೆ ಸಕ್ಕರೆಯ ಮಾತನ್ನೂ ಮುಂದೊಡ್ಡುವುದು ಸುಲಭ. ಅದರ ಬೆಲೆ ಮಾತ್ರ ಅಲ್ಪವಲ್ಲ. ಕಹಿಯನ್ನು ಕಹಿಯೆಂದೇ ಹೇಳಿ, ಮಡಿಲಲ್ಲಿ ಕುಳ್ಳಿರಿಸಿಕೊಂಡು ಕುಡಿಸೋಣ. ನಡೆ-ನುಡಿಗಳು ಒಂದಾಗಬೇಕೆಂಬ ಶರಣರ ಬೋಧೆಗೆ ನಮ್ಮ ಮನೆಯ ತೊಟ್ಟಿಲೇ ಮೊದಲ ಒರೆಗಲ್ಲು.